ಮಾರ್ಡೇಲಿನ ನೀರಿನ ದಂಡೆಯಲ್ಲಿ

ನೀರು ನಿಂತ ಜಾಗಕ್ಕೆ ನಮ್ಮಲ್ಲಿ ಎಷ್ಟು ಹೆಸರುಗಳು! ಕೆರೆ, ಕಟ್ಟೆ, ಕುಂಟೆ, ಹೊಂಡ, ಕೊಳ, ಮಡು. ಒಂದನ್ನು ಇನ್ನೊಂದರ ಹೆಸರಿನಿಂದ ಕರೆದರೆ ಹಳ್ಳಿಯ ಹುಡುಗನೂ ನಕ್ಕಾನು. ಉತ್ತರ ಇಂಗ್ಲೆಂಡಿನ ಸರೋವರ ಪ್ರಾಂತದ ಜನಕ್ಕೂ ಈ ಹಟ ಉಂಟೆಂದು ನನಗೆ ತಿಳಿದದ್ದು ಎಪ್ಪತ್ತು ದಾಟಿದ ಮೇಲೆ. ಇಡೀ ಲೋಕ ಆ ಸೀಮೆಯನ್ನು ಸರೋವರಗಳ ನಾಡು ಎಂದು ಕರೆದರೆ, ಅಲ್ಲಿಯವರು ‘ಲೇಕ್’ ಎಂಬ ಹೆಸರನ್ನು ಹಿಂದಿನಿಂದಲೂ ಕೊಟ್ಟಿರುವುದು ಬ್ಯಾಸೆನ್‌ತ್ವೇಟ್ ಎಂಬ ಒಂದೇ ಒಂದಕ್ಕೆ. ಉಳಿದ ದೊಡ್ಡವೆಲ್ಲ ‘ವಾಟರ್’, ಇಲ್ಲವೆ ‘ಮಿಯರ್’. ಬೆಟ್ಟದ ಮಡಿಲಲ್ಲಿ ಸಿಕ್ಕಿಕೊಂಡ ಪುಟ್ಟ ಕೊಳಕ್ಕೆ ‘ಟಾರ್ನ್’. ಸುಮಾರು ಸಾವಿರ ವರ್ಷದ ಹಿಂದೆ ಕಡಲು ದಾಟಿ ಬಂದು ನೆಲೆಸಿದ ನಾರ್ವೆ ಕಡೆಯ ಜನ ಬಿಟ್ಟುಹೋದ ಮಾತು ಅದು. ಬೆಟ್ಟಕ್ಕೆ ‘ಫೆಲ್’, ತೊರೆಗೆ ‘ಬೆಕ್’, ಕಣಿವೆಗೆ ‘ಡೇಲ್’ ಎಂಬವೂ ಅವರವೇ. ಆಳಿದವರು ಹೋದರು, ಆಡಿದ ಮಾತು ಕಲ್ಲಿಗೂ ನೀರಿಗೂ ಅಂಟಿಕೊಂಡು ಉಳಿಯಿತು.

ಕಳೆದ ಬೇಸಗೆಯಲ್ಲಿ ಆ ಪ್ರಾಂತದ ಒಂದು ಮೂಲೆಯನ್ನು ಗೆಳೆಯರೊಡನೆ ಸಾವಕಾಶವಾಗಿ ಸುತ್ತಿ ಬಂದೆ. ಮ್ಯಾಂಚೆಸ್ಟರಿನಲ್ಲಿ ವೈದ್ಯನಾಗಿದ್ದು ನಿವೃತ್ತನಾದ ನನ್ನ ಕಾಲೇಜು ಗೆಳೆಯನ ಮನೆಯಲ್ಲಿ ಮೂರು ವಾರ ಉಳಿದಿದ್ದೆ. ಹೋದ ಮಾರನೆಯ ಬೆಳಗ್ಗೆ ಕಾಫಿ ಕುಡಿದು, ರುಚಿಯಾಗಿದೆ ಎಂದೆ. “ಪುಡಿ ಸಾಗರದ್ದೇ ಕಣೋ, ನೀನೇ ತಂದದ್ದು. ರುಚಿ ಇರೋದು ನೀರಿನಲ್ಲಿ” ಎಂದ ಅವನು. “ಎಪ್ಪತ್ತು ಮೈಲಿ ಆಚೆಯ ಬೆಟ್ಟದಿಂದ ಬರೋ ನೀರು. ಒಂದು ಊರನ್ನೇ ಮುಳುಗಿಸಿ ತಂದಿದ್ದಾರೆ.” ನನ್ನ ಕೈಯ ಲೋಟ ಅಲ್ಲೇ ನಿಂತಿತು. ಅವನಿಗೆ ಕೂಡಲೇ ತಾನು ಆಡಿದ್ದೇನೆಂದು ಹೊಳೆದು, ಮಾತು ಬದಲಿಸಿದ. ಬದಲಿಸುವ ಅಗತ್ಯವಿರಲಿಲ್ಲ. ನೋಡಬೇಕೆಂದು ನಾನೇ ಹಟ ಹಿಡಿದೆ.

ಹೊರಟವರು ನಾಲ್ವರು. ಗೆಳೆಯ, ಅವನ ಪತ್ನಿ, ನಾನು, ಮತ್ತು ಪಕ್ಕದ ಮನೆಯ ಇಂಗ್ಲಿಷ್ ಗೃಹಸ್ಥರೊಬ್ಬರು. ಇವರು ಜೀವಮಾನವೆಲ್ಲ ಸೇತುವೆ, ಸುರಂಗಗಳ ಕೆಲಸ ಮಾಡಿದ ಇಂಜಿನಿಯರು. ಎಂಬತ್ತರ ಹತ್ತಿರದ ವಯಸ್ಸು, ಉದ್ದನೆಯ ಕಾಲು, ಕತ್ತಿಗೆ ತೂಗುಹಾಕಿದ ನಕ್ಷೆ. ಗೆಳೆಯನ ಪತ್ನಿಯನ್ನು ನಾನು ಮೊದಲಿನಿಂದಲೂ ಅತ್ತಿಗೆ ಎನ್ನುತ್ತೇನೆ. ಆಕೆ ನನ್ನನ್ನು ಮೇಷ್ಟ್ರೇ ಎನ್ನುತ್ತಾರೆ. ಅವಲಕ್ಕಿ, ಚಕ್ಕುಲಿ, ಒಂದು ಡಬ್ಬಿ ಚಿತ್ರಾನ್ನ ಕಟ್ಟಿಕೊಂಡು ಬೆಳಗ್ಗೆ ಆರಕ್ಕೆ ಕಾರು ಹತ್ತಿದೆವು. ಶ್ಯಾಪ್ ಎಂಬ ಕಲ್ಲುಗಣಿಗಳ ಊರನ್ನು ದಾಟಿ, ಹಾಸ್‌ವಾಟರ್ ಎಂಬ ನೀರಿನ ಪೂರ್ವದ ದಂಡೆಯನ್ನು ಹಿಡಿದು ನಾಲ್ಕು ಮೈಲಿ ಹೋದರೆ ದಾರಿ ಮುಗಿಯುತ್ತದೆ. ಮುಂದೆ ಬೆಟ್ಟ. ಆ ಜಾಗಕ್ಕೆ ಮಾರ್ಡೇಲ್ ಹೆಡ್ ಎಂದು ಹೆಸರು. ಮಾರ್ಡೇಲಿನ ತಲೆ ಎಂದರ್ಥ. ತಲೆ ಅಲ್ಲಿದೆ, ಒಡಲು ನೀರಿನಲ್ಲಿದೆ.

ಮೊದಲು ಹತ್ತಿದ್ದು ಸ್ಮಾಲ್ ವಾಟರ್ ಎಂಬ ಕೊಳಕ್ಕೆ. ಒಂದು ಗಂಟೆಯ ಏರು. ನಮ್ಮ ವಯಸ್ಸಿಗೆ ಒಂದೂವರೆ. ಕಾಲುದಾರಿಯ ಪಕ್ಕದಲ್ಲೇ ತೊರೆ ಹಾರಿ ಹಾರಿ ಇಳಿಯುತ್ತದೆ. ಅಲ್ಲಲ್ಲಿ ಕುರಿಗಳು, ಮೈಮೇಲೆ ಒಡೆಯನ ಗುರುತಿನ ಬಣ್ಣ. ಈ ಬೆಟ್ಟಗಳ ಕುರುಬರು ವರುಷಕ್ಕೊಮ್ಮೆ ಒಂದೆಡೆ ಸೇರಿ, ದಾರಿತಪ್ಪಿ ಬಂದ ಕುರಿಗಳನ್ನು ಗುರುತು ನೋಡಿ ಅವರವರಿಗೆ ಒಪ್ಪಿಸುತ್ತಿದ್ದರು. ಹಿಂದೆ ಆ ಕೂಟ ನಡೆಯುತ್ತಿದ್ದದ್ದು ನಮ್ಮ ಎದುರಿಗಿದ್ದ ಹೈ ಸ್ಟ್ರೀಟ್ ಎಂಬ ಬೆಟ್ಟದ ನೆತ್ತಿಯಲ್ಲಿ. ಬೆಟ್ಟಕ್ಕೆ ಬೀದಿಯ ಹೆಸರೇಕೆಂದರೆ, ರೋಮನರು ಅದರ ಬೆನ್ನಿನ ಮೇಲೆ ರಸ್ತೆ ಹಾಕಿದ್ದರು. ಅವರ ಸೈನ್ಯ ನಡೆದ ಆ ನೆತ್ತಿಯಲ್ಲಿ ಕುರುಬರು ಕುದುರೆ ಓಡಿಸಿ ಪಂದ್ಯ ಕಟ್ಟುತ್ತಿದ್ದರು. ಆಮೇಲೆ ಕೂಟ ಕೆಳಗಿಳಿದು ಕಣಿವೆಯ ‘ಡನ್ ಬುಲ್’ ಎಂಬ ಪಾನಗೃಹಕ್ಕೆ ಬಂದಿತು. ಜಾತ್ರೆಯ ಮೋಜು ಎಲ್ಲಿ ಹೆಚ್ಚೋ ಅಲ್ಲಿಗೆ ಜಾತ್ರೆ ಹೋಗುವುದು ಸಹಜವೇ.

ಸ್ಮಾಲ್ ವಾಟರಿನ ದಡದಲ್ಲಿ ಕೂತಾಗ ನನ್ನ ಕಣ್ಣು ಅಭ್ಯಾಸಬಲದಿಂದ ಏರಿಯನ್ನು ಹುಡುಕಿತು. ಬಯಲುಸೀಮೆಯಲ್ಲಿ ಹತ್ತಾರು ವರ್ಷ ಮೇಷ್ಟ್ರಾಗಿದ್ದವನಿಗೆ ನೀರು ನಿಂತದ್ದು ಕಂಡರೆ, ಏರಿ ಕಟ್ಟಿಸಿದವರಾರು, ತೂಬೆಲ್ಲಿ, ಕೋಡಿ ಎತ್ತ ಎಂಬ ಪ್ರಶ್ನೆಯೇ ಮೊದಲು. ಇಲ್ಲಿ ಏರಿ ಹಾಕಿದ್ದು ಹಿಮ. ಹನ್ನೊಂದು ಹನ್ನೆರಡು ಸಾವಿರ ವರ್ಷದ ಹಿಂದೆ ಕರಗಿಹೋದ ಹಿಮದ ನದಿಗಳು ಬೆಟ್ಟದ ಮೈಯನ್ನು ಬಟ್ಟಲಿನಂತೆ ಕೊರೆದು, ತಳ್ಳಿ ತಂದ ಕಲ್ಲುಮಣ್ಣನ್ನು ಬಾಯಿಗೆ ಒಡ್ಡಿ ಹೋದವು. ಮೂರು ಕಡೆ ಕಡಿದಾದ ಬೆಟ್ಟ, ಒಂದು ಕಡೆ ತೊರೆಯ ಬಾಯಿ, ನಡುವೆ ನೀರು. ದಡದಲ್ಲಿ ಕಲ್ಲಿನ ಮೂರು ಗೂಡುಗಳಿವೆ. ಒಬ್ಬ ಮನುಷ್ಯ ತೆವಳಿ ಒಳಹೋಗಿ ಮುದುರಿ ಕೂರಬಹುದು, ಅಷ್ಟೆ. ಹೇರುಕುದುರೆಗಳ ಕಾಲದಲ್ಲಿ ನ್ಯಾನ್ ಬೀಲ್ಡ್ ಕಣಿವೆದಾರಿಯನ್ನು ಹಾಯುವವರು ಬಿರುಗಾಳಿಗೆ ಸಿಕ್ಕರೆ ತಲೆಮರೆಸಲು ಕಟ್ಟಿದ್ದು. ಅತ್ತಿಗೆ ಒಂದರೊಳಗೆ ಇಣುಕಿ, “ನಮ್ಮ ಕಡೆಯ ಹೇರಿನವರೂ ಹೀಗೆ ಮಳೆಗೆ ಎಲ್ಲೋ ಒದ್ದಾಡಿರಬೇಕು ಮೇಷ್ಟ್ರೇ” ಎಂದರು. ಘಟ್ಟ ಇಳಿದು ಉಪ್ಪು ಹೇರಿಕೊಂಡು ಬರುತ್ತಿದ್ದ ಎತ್ತುಗಳ ಸಾಲು ನನ್ನ ಅಜ್ಜನ ಮಾತಿನಲ್ಲಿ ಮಾತ್ರ ನಾನು ಕಂಡದ್ದು.

ಇಳಿದು ಬಂದು, ಇನ್ನೊಂದು ತೊರೆಯ ಗುಂಟ ಹತ್ತಿದೆವು. ಅದರ ತಲೆಯಲ್ಲಿ ಬ್ಲೀ ವಾಟರ್. ಬ್ಲೀ ಎಂದರೆ ಕಪ್ಪಿಗೆ ಹತ್ತಿರದ ನೀಲಿ. ಹೆಸರು ಇಟ್ಟವನು ನೋಡಿಯೇ ಇಟ್ಟಿದ್ದಾನೆ. ಆ ಪ್ರಾಂತದ ಟಾರ್ನ್‌ಗಳಲ್ಲೆಲ್ಲ ಇದು ಆಳವಾದದ್ದು, 200 ಅಡಿಗೂ ಹೆಚ್ಚು. ಇಂಜಿನಿಯರರು ಇಲ್ಲೊಂದು ಸಂಗತಿ ಹೇಳಿದರು. ಕೆಳಗಿನ ಹಾಸ್‌ವಾಟರಿನಲ್ಲಿ ಷೆಲ್ಲಿ ಎಂಬ ಬೆಳ್ಳಿಮೈಯ ಮೀನು ಇದೆ. ಬ್ರಿಟನ್ನಿನಲ್ಲಿ ಅದು ಬದುಕಿರುವುದು ಈ ಪ್ರಾಂತದ ಕೆಲವೇ ನೀರುಗಳಲ್ಲಿ. ಜಲಾಶಯದ ಮಟ್ಟ ಏರಿಳಿಯುವುದರಿಂದ ಅದರ ಸಂತತಿ ಕುಗ್ಗುತ್ತಿತ್ತು. ನಾಶವಾದೀತೆಂದು ಹೆದರಿ 1997ರಲ್ಲಿ ಈ ಎರಡು ಟಾರ್ನ್‌ಗಳಲ್ಲಿ ಅದನ್ನು ತಂದು ಬಿಟ್ಟರಂತೆ. ಗೆಳೆಯ ನನ್ನ ಮುಖ ನೋಡಿ, “ಮೀನಿಗೂ ಪುನರ್ವಸತಿ ಕಣೋ” ಎಂದ. ನಾವು ಮೂವರೂ ನಕ್ಕೆವು. ಇಂಜಿನಿಯರರಿಗೆ ಕನ್ನಡ ತಿಳಿಯದು. ಅನುವಾದಿಸಿ ಹೇಳಿದ ಮೇಲೂ ಅವರು ನಗಲಿಲ್ಲ. ನಗೆಯ ವಿಷಯವಲ್ಲ ಎಂದು ಅವರಿಗೆ ತೋರಿರಬೇಕು. ಅದೂ ಸರಿಯೆ.

ಅಲ್ಲಿಯೇ ಊಟ. ಊಟದ ಜೊತೆಗೆ ಚರಿತ್ರೆ.

ಹತ್ತೊಂಬತ್ತನೆಯ ಶತಮಾನದ ಮ್ಯಾಂಚೆಸ್ಟರು ಹತ್ತಿಯ ಊರು. ಅದು ನೇಯ್ದ ಬಟ್ಟೆಯನ್ನು ನಮ್ಮ ಅಜ್ಜ, ಮುತ್ತಜ್ಜಂದಿರೂ ಉಟ್ಟಿದ್ದರು. ಗಿರಣಿ ಹೆಚ್ಚಿತು, ಜನ ಹೆಚ್ಚಿತು. ಕೂಲಿಯವರ ಕೇರಿಗಳಲ್ಲಿ ಕೊಳಕು ನೀರು, ಕಾಲರಾ. ಬೇಟ್‌ಮನ್ ಎಂಬ ಇಂಜಿನಿಯರನು 1848ರಿಂದ ಮೊದಲ್ಗೊಂಡು ಹತ್ತಿರದ ಲಾಂಗ್‌ಡೆಂಡೇಲ್ ಕಣಿವೆಯಲ್ಲಿ ಜಲಾಶಯಗಳ ಸಾಲನ್ನೇ ಕಟ್ಟಿಸಿದ. ಅದೂ ಸಾಲದೆ ಬಂದಾಗ ನಗರದ ಕಣ್ಣು ಸರೋವರ ಪ್ರಾಂತದ ತರ್ಲ್‌ಮಿಯರಿನ ಮೇಲೆ ಬಿದ್ದಿತು. ವರ್ಡ್ಸ್‌ವರ್ತ್ ಕವಿಯ ಮನೆ, ಸಮಾಧಿಗಳ ಸೀಮೆ ಅದು. ದೊಡ್ಡ ಗದ್ದಲವೆದ್ದಿತು. ಎದುರು ನಿಂತವರಲ್ಲಿ ಜಾನ್ ರಸ್ಕಿನ್ ಒಬ್ಬ. 1904ರಲ್ಲಿ ಗಾಂಧಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿದ ಪುಸ್ತಕ, ಮುಂದೆ ‘ಸರ್ವೋದಯ’ ಎಂಬ ಹೆಸರಿನಲ್ಲಿ ಗುಜರಾತಿಗೆ ಇಳಿಸಿದ ಪುಸ್ತಕ, ಇವನದೇ. ರಸ್ಕಿನ್ ಆಗ ಇದ್ದದ್ದು ಅದೇ ಪ್ರಾಂತದ ಕಾನಿಸ್ಟನ್ ದಡದ ಮನೆಯಲ್ಲಿ. ಎಷ್ಟು ಗದ್ದಲವಾದರೇನು, 1879ರಲ್ಲಿ ಕಾಯಿದೆಯಾಯಿತು. 1894ರಲ್ಲಿ ತರ್ಲ್‌ಮಿಯರಿನ ನೀರು 96 ಮೈಲಿ ಹರಿದು, ಪಂಪಿನ ನೆರವಿಲ್ಲದೆ, ಬರಿಯ ಇಳಿಜಾರಿನ ಬಲದಿಂದಲೇ ಮ್ಯಾಂಚೆಸ್ಟರಿಗೆ ಮುಟ್ಟಿತು. ವಿರೋಧಿಸಿದವರಲ್ಲಿ ರಾನ್ಸ್‌ಲಿ ಎಂಬ ಪಾದ್ರಿ ಒಬ್ಬರಿದ್ದರು. ಮರುವರ್ಷವೇ, 1895ರಲ್ಲಿ, ಅವರೂ ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಎಂಬವರೂ ಸೇರಿ ನ್ಯಾಷನಲ್ ಟ್ರಸ್ಟನ್ನು ಕಟ್ಟಿದರು. ಒಂದು ಸೋಲಿನಿಂದ ಇಂಥದೊಂದು ಸಂಸ್ಥೆಗೆ ಬಲ ಬಂತೆಂದರೆ ಆ ಸೋಲನ್ನು ಪೂರ್ತಿ ಸೋಲೆನ್ನಲು ನನಗೆ ಮನಸ್ಸಿಲ್ಲ.

ಮಾರ್ಡೇಲಿನ ಪಾಲಿಗೆ ಇಂಥ ಗದ್ದಲವೂ ಇರಲಿಲ್ಲ. ತರ್ಲ್‌ಮಿಯರಿಗೆ ಕವಿಗಳಿದ್ದರು, ಮಾರ್ಡೇಲಿಗೆ ಕುರಿಗಳಿದ್ದವು. 1919ರಲ್ಲಿ ಪಾರ್ಲಿಮೆಂಟು ಅನುಮತಿ ಕೊಟ್ಟಿತು, 1929ರಲ್ಲಿ ಕೆಲಸ ಮೊದಲಾಯಿತು. ಅಲ್ಲಿ ಮೊದಲೇ ಒಂದು ಸಹಜವಾದ ಸರೋವರವಿದ್ದಿತು. ಮೆಸಂಡ್ ತೊರೆ ತಂದ ಮಣ್ಣು ನಡುವಿನಲ್ಲಿ ಚಾಚಿ ಅದನ್ನು ಮೇಲಿನ ನೀರು, ಕೆಳಗಿನ ನೀರು ಎಂದು ಎರಡಾಗಿ ಸೀಳುವಂತಿತ್ತಂತೆ. ಅದರ ಬಾಯಿಗೆ 470 ಮೀಟರ್ ಉದ್ದದ, 27 ಮೀಟರ್ ಎತ್ತರದ ಅಣೆಕಟ್ಟು ಕಟ್ಟಿದರು. ಒಳಗೆ ಟೊಳ್ಳಾದ 44 ಆಸರೆಗಳನ್ನು ಒಂದಕ್ಕೊಂದು ಜೋಡಿಸಿದ ಕಟ್ಟಡ. ಆ ಬಗೆಯದರಲ್ಲಿ ಜಗತ್ತಿಗೇ ಮೊದಲನೆಯದು. ಇದನ್ನು ಹೇಳುವಾಗ ಇಂಜಿನಿಯರರ ಕಣ್ಣು ಹೊಳೆಯಿತು. ಗಿಲಾವಿನ ಕೆಲಸಗಾರ ಒಳ್ಳೆಯ ಗೋಡೆಯನ್ನು ಕಂಡಾಗ ಸವರುವಂತೆ ಅವರು ಗಾಳಿಯಲ್ಲಿ ಅಣೆಕಟ್ಟನ್ನು ಸವರಿದರು. ಅಲ್ಲಿಂದ ಮ್ಯಾಂಚೆಸ್ಟರಿನ ಹೀಟನ್ ಪಾರ್ಕಿನವರೆಗೆ ನೀರು ತರುವ ಸುರಂಗಗಳೂ ಕೊಳವೆಗಳೂ ಪೂರ್ತಿಯಾದದ್ದು 1955ರಲ್ಲಿ. ಆ ಪಾರ್ಕಿನ ನೀರಿನ ಕಟ್ಟಡದ ಗೋಡೆಯ ಮೇಲೆ ಕೊಳವೆ ಹೂಳುವ ಕೂಲಿಯವರ ಉಬ್ಬುಶಿಲ್ಪವಿದೆ. ಮಿಟ್ಸಿ ಕನ್ಲಿಫ್ ಎಂಬ ಶಿಲ್ಪಿಯ ಕೆಲಸ. ನೀರು ತಂದ ಕೂಲಿಯವನಿಗೆ ಒಂದು ಗೋಡೆಯ ಮೇಲಾದರೂ ಜಾಗ ಸಿಕ್ಕಿತಲ್ಲ ಎಂದು ಹಿಂದಿನ ದಿನ ಅದನ್ನು ನೋಡಿದಾಗ ನನಗೆ ಸಂತೋಷವಾಗಿತ್ತು.

ಹಳ್ಳಿ ಬಹಳ ಚಿಕ್ಕದು. ಒಂದು ಚರ್ಚು, ಡನ್ ಬುಲ್ ಪಾನಗೃಹ, ಗೂಸ್‌ಮೈರ್, ಚಾಪೆಲ್ ಹಿಲ್, ಗ್ರೋವ್ ಬ್ರೇ ಮುಂತಾದ ಹೆಸರಿನ ಕೆಲವು ಒಕ್ಕಲುಮನೆಗಳು. 1935ರ ಆಗಸ್ಟ್ 18ರಂದು ಚರ್ಚಿನಲ್ಲಿ ಕಡೆಯ ಪ್ರಾರ್ಥನೆ ನಡೆಯಿತು. ಒಳಗೆ ಹಿಡಿಸಿದವರು ಕೆಲವರು; ಹೊರಗೆ ಗುಂಪುಗುಂಪಾಗಿ ನಿಂತು ಕೇಳಿದವರು ನೂರಾರು. ಆಮೇಲೆ ಚರ್ಚನ್ನು ಬಿಚ್ಚಿ, ಅದರ ಕಲ್ಲು ಕಿಟಕಿಗಳನ್ನು ಜಲಾಶಯದ ನೀರೆತ್ತುವ ಗೋಪುರಕ್ಕೆ ಬಳಸಿಕೊಂಡರು. ದಂಡೆಯ ರಸ್ತೆಯಿಂದ ಆ ಗೋಪುರ ಕಾಣುತ್ತದೆ. ಗೊತ್ತಿಲ್ಲದವರು ಹಳೆಯ ಕೋಟೆಯ ತುಣುಕೆಂದುಕೊಳ್ಳಬೇಕು. ಉಳಿದ ಮನೆಗಳನ್ನು ಸೈನ್ಯದ ಇಂಜಿನಿಯರರಿಗೆ ಒಪ್ಪಿಸಿದರು. ಅವರಿಗೆ ಸಿಡಿಮದ್ದಿನಿಂದ ಕಟ್ಟಡ ಕೆಡಹುವ ಅಭ್ಯಾಸ ಬೇಕಾಗಿತ್ತು. ಮುಳುಗುವ ಊರು ಮುಳುಗುವ ಮೊದಲು ಇಂಥದಕ್ಕೂ ಉಪಯೋಗಕ್ಕೆ ಬಂದಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಇಳಿದು, ದೊಡ್ಡ ನೀರಿನ ಪಶ್ಚಿಮದ ದಂಡೆಯ ಕಾಲುದಾರಿ ಹಿಡಿದು, ದಿ ರಿಗ್ ಎಂಬ ಮರಗಳಿರುವ ಕೋಡಿನವರೆಗೆ ಬಂದೆವು. ಮುಂದೆ ವುಡ್ ಹೌ ಎಂಬ ಪುಟ್ಟ ದ್ವೀಪ. ಮೊದಲು ಅದು ಹಳ್ಳಿಯ ಪಕ್ಕದ ಗುಡ್ಡ. ಎದುರು ದಡದ ಬೆಟ್ಟದ ಮೈಮೇಲೆ ಒಂದು ಹಳೆಯ ದಾರಿಯ ಗೀರು ಅಂಕುಡೊಂಕಾಗಿ ಏರುತ್ತಿತ್ತು. ಇಂಜಿನಿಯರರು ನಕ್ಷೆ ಬಿಚ್ಚಿ ಅದರ ಹೆಸರು ತೋರಿಸಿದರು. ಹೆಣದ ಹಾದಿ ಎಂದು ಅದರ ಅರ್ಥ.

ಒಂದಾನೊಂದು ಕಾಲಕ್ಕೆ ಮಾರ್ಡೇಲಿನ ಚರ್ಚಿಗೆ ಹೆಣ ಹೂಳುವ ಹಕ್ಕು ಇರಲಿಲ್ಲ. ಸತ್ತವರನ್ನು ಕುದುರೆಯ ಬೆನ್ನಿಗೆ ಕಟ್ಟಿ, ಈ ಬೆಟ್ಟ ಹತ್ತಿಸಿ, ಸ್ವಿಂಡೇಲ್ ಕಣಿವೆ ದಾಟಿಸಿ ಶ್ಯಾಪಿಗೆ ಒಯ್ಯಬೇಕಾಗಿತ್ತು. ಚಳಿಗಾಲದ ಹಿಮದಲ್ಲಿ ಆ ಪ್ರಯಾಣ ಹೇಗಿದ್ದಿರಬೇಕು! ಕಡೆಗೆ ಅವರಿಗೆ ತಮ್ಮದೇ ಸ್ಮಶಾನ ದೊರೆತು, 1736ರಲ್ಲಿ ಕೊನೆಯ ಹೆಣ ಆ ದಾರಿಯಲ್ಲಿ ಹೋಯಿತು. ಅಲ್ಲಿಂದ ಮುಂದೆ ಇನ್ನೂರು ವರ್ಷ ಮಾರ್ಡೇಲಿನವರು ಮಾರ್ಡೇಲಿನಲ್ಲಿಯೇ ಮಣ್ಣಾದರು. ನೀರು ಬರುತ್ತದೆಂದಾಗ ಆ ಸ್ಮಶಾನವನ್ನು ಅಗೆದು, 97 ಮಂದಿಯ ಅವಶೇಷಗಳನ್ನು ತೆಗೆದು, ಬೇರೆಡೆ ಮತ್ತೆ ಹೂಳಿದರು. ಎಲ್ಲಿ ಎಂದರೆ, ಶ್ಯಾಪಿನಲ್ಲಿ. ಎಷ್ಟೋ ತಲೆಮಾರು ಕಷ್ಟಪಟ್ಟು ತಪ್ಪಿಸಿಕೊಂಡ ಪ್ರಯಾಣವನ್ನು ಸತ್ತವರು ಸತ್ತ ಮೇಲೆಯೇ ಮಾಡಬೇಕಾಯಿತು. ಚರಿತ್ರೆಯನ್ನು ನಾನು ಮೂವತ್ತು ವರ್ಷ ಪಾಠ ಹೇಳಿದ್ದೇನೆ. ಇಷ್ಟು ಕ್ರೂರವಾದ ಹಾಸ್ಯ ಅದು ಆಡಿದ್ದನ್ನು ಹೆಚ್ಚು ಕಂಡಿಲ್ಲ.

ನಮ್ಮವರಿಗೆ ಈ ಕಷ್ಟ ಬರಲಿಲ್ಲ. ನಮ್ಮಲ್ಲಿ ಸತ್ತವರು ಮೊದಲೇ ಹೊಳೆಗೆ ಸೇರಿರುತ್ತಾರೆ. ಶರಾವತಿಯ ಹಿನ್ನೀರು ನಮ್ಮ ಊರಿಗೆ ಬಂದಾಗ ನನಗೆ ಹತ್ತು ವರ್ಷ. ಒಯ್ಯುವಂಥದು ಏನೇನಿದೆಯೆಂದು ಅಜ್ಜ ಲೆಕ್ಕ ಹಾಕುತ್ತಿದ್ದುದು ನೆನಪಿದೆ. ಬಾಗಿಲ ಚೌಕಟ್ಟು, ಅಡಕೆ ಬೇಯಿಸುವ ಹಂಡೆ, ತುಳಸಿಕಟ್ಟೆಯ ಒಂದು ಬೊಗಸೆ ಮಣ್ಣು. ತೋಟದ ಮೂಲೆಯ ಚೌಡಿಯ ಕಲ್ಲನ್ನು ಗಾಡಿಗೆ ಹತ್ತಿಸುವಾಗ ಮಾತ್ರ ಅಜ್ಜ ಕಣ್ಣೊರಸಿಕೊಂಡ. ದೇವರನ್ನು ಎಬ್ಬಿಸಬಾರದೆಂದು ಕೆಲವರು ಹೇಳಿದ್ದರು. ಮುಳುಗಿಸಬಹುದೇ ಎಂದು ಅವನು ಕೇಳಿದ್ದ. ಹೊಸ ಜಾಗದಲ್ಲಿ ಕಾಡು ಕಡಿದು ಗದ್ದೆ ಮಾಡಿದೆವು. ಆ ಗದ್ದೆಯ ಕಾಗದಪತ್ರಕ್ಕಾಗಿ ಒಂದು ಕಚೇರಿಗೆ ಅಪ್ಪ ಸಾಯುವವರೆಗೂ ಅಲೆದರು, ಅಣ್ಣ ಇನ್ನೂ ಅಲೆಯುತ್ತಾನೆ. ಆ ನೀರಿನಿಂದ ನಾಡಿಗೆಲ್ಲ ಬೆಳಕು ಬಂದಿತು. ನಾನು ಮೆಟ್ರಿಕ್ ಪರೀಕ್ಷೆಗೆ ಓದಿದ್ದು ಚಿಮಣಿ ದೀಪದಲ್ಲಿ.

ಮಾರ್ಡೇಲಿನ ಕಥೆಗೆ ನಮ್ಮಲ್ಲಿ ಒಂದು ಅಡ್ಡಕಥೆಯೂ ಉಂಟು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಪೂರ್ತಿಯಾಗುವುದಕ್ಕೆ ಮೊದಲು ಅದೇ ಹೊಳೆಗೆ ಮಡೆನೂರಿನಲ್ಲಿ ಹಿರೇಭಾಸ್ಕರ ಅಣೆಕಟ್ಟು ಇದ್ದಿತು. ಹೊಸದು ಹಳೆಯದನ್ನು ನುಂಗಿತು. ಮಳೆ ತಪ್ಪಿದ ವರ್ಷದ ಬೇಸಗೆಯಲ್ಲಿ ಆ ಮುಳುಗಿದ ಅಣೆಕಟ್ಟು ನೀರಿನಿಂದ ಏಳುತ್ತದೆ. ಜನ ಬಸ್ಸು ಮಾಡಿಕೊಂಡು ನೋಡಲು ಹೋಗುತ್ತಾರೆ. ಮಾರ್ಡೇಲಿನಲ್ಲೂ ಹಾಗೆಯೇ. 1984ರ, 1995ರ ಬರಗಳಲ್ಲಿ ಹಳ್ಳಿಯ ಗೋಡೆಗಳೂ ಕಲ್ಲಿನ ಸೇತುವೆಯೂ ಮೇಲೆದ್ದಾಗ ಕಣಿವೆಯ ಇಕ್ಕಟ್ಟಾದ ರಸ್ತೆ ಕಾರುಗಳಿಂದ ತುಂಬಿಹೋಯಿತಂತೆ. ಇದ್ದಾಗ ಯಾರಿಗೂ ಬೇಡವಾಗಿದ್ದ ಊರಿಗೆ, ಇಲ್ಲವಾದ ಮೇಲೆ ಜಾತ್ರೆ.

ನಾವು ಹೋದಾಗ ಅಂಥದೇನೂ ಕಾಣಲಿಲ್ಲ. ನೀರು ದಂಡೆಯಿಂದ ನಾಲ್ಕೈದು ಮಾರು ಇಳಿದು, ಸುತ್ತಲೂ ಬಿಳಿಯ ಕಲ್ಲಿನ ಪಟ್ಟಿಯೊಂದು ಬಿಟ್ಟುಕೊಂಡಿತ್ತು, ಅಷ್ಟೆ. ಆದರೆ ಬೆಟ್ಟದಿಂದ ಇಳಿದು ಬಂದ ಒಂದು ಗೋಡೆಯಿದ್ದಿತು. ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ, ಕುರಿಯ ಮೇವಿನ ಗಡಿಗೋಡೆ. ಅದು ಹುಲ್ಲಿನಲ್ಲಿ ನಡೆದು, ಬಿಳಿಯ ಪಟ್ಟಿಯನ್ನು ದಾಟಿ, ಎಲ್ಲಿಯೂ ತಡೆಯದೆ ಸೀದಾ ನೀರಿನೊಳಕ್ಕೆ ಹೋಗುತ್ತಿತ್ತು. ಒಂದಷ್ಟು ದೂರ ನೀರಿನ ಕೆಳಗೂ ಕಂಡಿತು, ಆಮೇಲೆ ಕಾಣಲಿಲ್ಲ.

ನಾನು ಅದರ ಪಕ್ಕದಲ್ಲಿ ಕೂತೆ. ಇಂಜಿನಿಯರರೂ ಬಂದು ಕೂತರು. ಅವರು ಮೆಲ್ಲಗೆ ಹೇಳಿದರು: ಮ್ಯಾಂಚೆಸ್ಟರಿನ ಕೇರಿಯೊಂದರಲ್ಲಿ ತಮ್ಮ ತಾಯಿ ಹುಟ್ಟಿದ್ದು, ಆ ಬೀದಿಗೆಲ್ಲ ಒಂದೇ ನಲ್ಲಿ, ಮನೆಯೊಳಗೆ ನಲ್ಲಿ ಬಂದ ದಿನ ಅಜ್ಜಿ ಅದನ್ನು ಸುಮ್ಮನೆ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸಿ ನೋಡುತ್ತಿದ್ದಳಂತೆ. ಆ ಅಜ್ಜಿಯ ನಲ್ಲಿಗೆ ಎದುರಾಗಿ ಹೇಳುವ ಮಾತು ನನ್ನಲ್ಲಿ ಇರಲಿಲ್ಲ. ಅಣೆಕಟ್ಟು ಕಟ್ಟಬಾರದಿತ್ತು ಎಂದು ನಾನು ಹೇಳಲಾರೆ. ಮಾರ್ಡೇಲಿನವರನ್ನು ಯಾರಾದರೂ ಕೇಳಿದ್ದರೇ ಎಂದು ಮಾತ್ರ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕೇಳುವ ಪದ್ಧತಿ ಆಗ ಇರಲಿಲ್ಲ” ಎಂದರು. ಈಗ ಇದೆಯೇ ಎಂದು ನಾನು ಮುಂದುವರಿಸಲಿಲ್ಲ. ಎಂಬತ್ತರ ವಯಸ್ಸಿನವರನ್ನು ಬೆಟ್ಟ ಹತ್ತಿಸಿದ್ದೇ ಸಾಕು.

ದ್ವೀಪದ ಆಚೆ ರಿಗಿಂಡೇಲ್ ಎಂಬ ಕಣಿವೆಯ ಬಾಯಿ ಕಾಣುತ್ತಿತ್ತು. ಇಂಗ್ಲೆಂಡಿನ ಕಡೆಯ ಚಿನ್ನದ ಹದ್ದು ಒಂಟಿಯಾಗಿ ಆ ಕಣಿವೆಯಲ್ಲಿ ವರ್ಷಗಟ್ಟಲೆ ಇದ್ದು, 2015ರ ಅನಂತರ ಕಾಣದಾಯಿತಂತೆ. ಅತ್ತಿಗೆ ಬಹಳ ಹೊತ್ತು ಅತ್ತ ಆಕಾಶವನ್ನೇ ನೋಡುತ್ತಿದ್ದರು. ಕಂಡದ್ದು ಕಾಗೆ.

“ಏಳೋ, ಕಾಲು ಹಿಡ್ಕೊಂಡೀತು” ಎಂದು ಗೆಳೆಯ ಕೂಗಿದ. ಗಂಟೆ ಆರಾಗಿತ್ತು, ಬಿಸಿಲು ಇನ್ನೂ ಮೂರರದಂತಿತ್ತು. ಜೂನ್ ತಿಂಗಳಲ್ಲಿ ಆ ದೇಶದ ಹೊತ್ತು ಮುಳುಗುವುದು ಹತ್ತರ ಹತ್ತಿರ. ಕಾರಿನ ಬಳಿಗೆ ಬಂದು, ಉಳಿದ ಚಕ್ಕುಲಿಯನ್ನು ಹಂಚಿಕೊಂಡೆವು. ಇಂಜಿನಿಯರರು ನಕ್ಷೆಯನ್ನು ಮಡಿಚುವ ಮೊದಲು ಜೇಬಿನಿಂದ ಪೆನ್ಸಿಲು ತೆಗೆದು, ನಿಮ್ಮ ಊರಿನ ಹೆಸರೇನು ಎಂದು ಕೇಳಿದರು. ಈಗಿನ ಊರಲ್ಲ, ಆ ಊರು.

ಹೇಳಿದೆ. ಆ ಹೆಸರನ್ನು ಗಟ್ಟಿಯಾಗಿ ಹೇಳಿ ನನಗೂ ಬಹಳ ವರ್ಷವಾಗಿತ್ತು. ಅವರ ನಾಲಗೆ ಮೊದಲು ತೊಡರಿತು. ಇನ್ನೊಮ್ಮೆ ಹೇಳಿದೆ. ಒಂದೊಂದೇ ಅಕ್ಷರ ಬಿಡಿಸಿ ಕೇಳಿಕೊಂಡು, ನಕ್ಷೆಯ ಅಂಚಿನಲ್ಲಿ, ಹಾಸ್‌ವಾಟರಿನ ನೀಲಿಯ ಪಕ್ಕದಲ್ಲಿ ಬರೆದುಕೊಂಡು, ಮೂರನೆಯ ಸಲಕ್ಕೆ ಸರಿಯಾಗಿ ಅಂದರು.